ಹವಳದ ದಿಬ್ಬವೋ, ಆಳಸಮುದ್ರವೋ: ಗಾಳದ ಬೋಟು ಹತ್ತುವ ಮುನ್ನ

ಮಾನ್ಯ ಸಂಪಾದಕರಿಗೆ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಹಿರಿಯರಿಗೆಂದು ತಮ್ಮ ಪ್ರವಾಸ ಪುರವಣಿಯಲ್ಲಿ ಫ್ಲೋರಿಡಾದ ಕೀ ವೆಸ್ಟ್ ದ್ವೀಪದ ಕುರಿತು ಪ್ರಕಟವಾದ ಬರಹ ಬಹುಮಟ್ಟಿಗೆ ಉಪಯುಕ್ತವಾಗಿದೆ. ಆದರೆ ಅಲ್ಲಿ ಬಾಡಿಗೆ ಬೋಟಿನಲ್ಲಿ ಗಾಳ ಹಾಕಲು ಹೋಗುವವರಿಗೆ ಲೇಖಕರು ಕೊಟ್ಟಿರುವ ಸಲಹೆಯನ್ನು ಒಪ್ಪಲಾರೆ. ಹವಳದ ದಿಬ್ಬಕ್ಕೆ ಹೋಗುವ ಬೋಟು ಮಕ್ಕಳಾಟಕ್ಕೆ ಸರಿ, ನಿಜವಾದ ಮೀನು ಬೇಕಾದವರು ಆಳಸಮುದ್ರದ ಬೋಟನ್ನೇ ಗೊತ್ತುಮಾಡಿಕೊಳ್ಳಬೇಕು ಎಂಬ ಮಾತು ನಮ್ಮವರಲ್ಲಿ ಅನೇಕರ ಹಣವನ್ನೂ ಒಂದು ಇಡೀ ದಿನವನ್ನೂ ಹಾಳುಮಾಡುವಂಥದ್ದು. ನಾನು ಕುಂದಾಪುರದ ಕಡೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಮಗಳ ಸಂಸಾರ ಫ್ಲೋರಿಡಾದಲ್ಲಿರುವುದರಿಂದ ಎರಡೂ ಬಗೆಯ ಬೋಟುಗಳನ್ನು ಹತ್ತಿ ಇಳಿದಿದ್ದೇನೆ.

ಮೊದಲು ಅಲ್ಲಿನ ಕಡಲಿನ ತಳ ಹೇಗಿದೆ ಎಂಬುದನ್ನು ತಿಳಿಯಬೇಕು. ಕೀ ವೆಸ್ಟಿನ ದಕ್ಷಿಣಕ್ಕೆ ಆರೇಳು ಮೈಲಿ ದೂರದಲ್ಲಿ ಹವಳದ ದಿಬ್ಬಗಳ ಸಾಲು ದ್ವೀಪಗಳ ಉದ್ದಕ್ಕೂ ಹಬ್ಬಿಕೊಂಡಿದೆ. ದಿಬ್ಬದ ನೆತ್ತಿಯ ಮೇಲೆ ಕೆಲವೆಡೆ ನೀರು ಒಂದಾಳು, ಎರಡಾಳು ಮಾತ್ರ. ಹೊರ ಅಂಚಿನಲ್ಲಿ ಅದು 60ರಿಂದ 120 ಅಡಿಗೆ ಇಳಿಯುತ್ತದೆ. ಅಲ್ಲಿಂದ ಇನ್ನು ಕೆಲವು ಮೈಲಿ ಹೋದರೆ ಆಳ ನೂರಾರು ಅಡಿಯಾಗಿ, ನೀರಿನ ಬಣ್ಣ ಹಸಿರು ಕಳೆದು ಕಡುನೀಲಿಗೆ ತಿರುಗಿ, ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹ ಸಿಗುತ್ತದೆ. ಈ ಪ್ರವಾಹದ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಒಂದು ದಿನ ದಿಬ್ಬದ ಹತ್ತಿರಕ್ಕೆ ಬಂದರೆ ಇನ್ನೊಂದು ದಿನ ದೂರ ಸರಿದಿರುತ್ತದೆ. ನಮ್ಮ ಮಲ್ಪೆ, ಗಂಗೊಳ್ಳಿಯ ಬೋಟುಗಳು ಅಂಥ ಆಳ ಕಾಣಬೇಕಾದರೆ ಹತ್ತಾರು ನಾಟಿಕಲ್ ಮೈಲಿ ಓಡಬೇಕು. ಕೀ ವೆಸ್ಟಿನಲ್ಲಿ ಎಲ್ಲವೂ ಹತ್ತಿರವಾದ್ದರಿಂದ ಎರಡು ಬಗೆಯ ಬೋಟುಗಳೂ ಬೆಳಿಗ್ಗೆ ಒಂದೇ ದಕ್ಕೆಯಿಂದ, ಅಕ್ಕಪಕ್ಕದಲ್ಲೇ ಹೊರಡುತ್ತವೆ. ಹೊಸಬರಿಗೆ ಇವೆರಡರ ನಡುವೆ ದರದ ವ್ಯತ್ಯಾಸವಷ್ಟೇ ಇದೆ ಎನಿಸುವುದು ಅದರಿಂದಲೇ.

ನಿಜವಾದ ವ್ಯತ್ಯಾಸವಿರುವುದು ಗಾಳ ನೀರಿನಲ್ಲಿರುವ ಹೊತ್ತಿನಲ್ಲಿ. ಅಲ್ಲಿನ ಬೋಟುಗಳನ್ನು ಸಾಮಾನ್ಯವಾಗಿ ನಾಲ್ಕು, ಆರು ಅಥವಾ ಎಂಟು ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ, ಮತ್ತು ಈ ಗಂಟೆಗಳು ದಕ್ಕೆ ಬಿಟ್ಟಲ್ಲಿಂದ ದಕ್ಕೆ ಸೇರುವವರೆಗಿನವು. ನಾಲ್ಕು ಗಂಟೆಯ ಬೋಟನ್ನು ಆಳಸಮುದ್ರಕ್ಕೆ ಕೊಂಡೊಯ್ದರೆ ಹೋಗಿ ಬರುವುದರಲ್ಲೇ ಹೆಚ್ಚುಕಡಿಮೆ ಅರ್ಧ ಹೊತ್ತು ಮುಗಿಯುತ್ತದೆ. ಪ್ರವಾಹದ ಅಂಚು ದೂರ ಸರಿದ ದಿನವಾದರೆ ಇನ್ನೂ ಕಡಿಮೆ ಉಳಿಯುತ್ತದೆ. ಆದ್ದರಿಂದ ಅರ್ಧ ದಿನಕ್ಕೆ ಮಾತ್ರ ಹಣ ಕೊಡಬಲ್ಲವರು ಹವಳದ ದಿಬ್ಬವನ್ನೇ ಆರಿಸಬೇಕು, ಆಳಸಮುದ್ರ ಬೇಕೆಂದರೆ ಆರು ಅಥವಾ ಎಂಟು ಗಂಟೆಗೆ ಸಿದ್ಧರಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಮ್ಮ ಲೇಖಕರು ಮೀನಿನ ಗಾತ್ರವನ್ನು ಹೇಳಿದರು, ಗಂಟೆಗಳನ್ನು ಹೇಳಲಿಲ್ಲ.

ದಿಬ್ಬದ ಮೀನುಗಾರಿಕೆಯನ್ನು ಮಕ್ಕಳಾಟ ಎಂದವರು ಅದನ್ನು ಹತ್ತಿರದಿಂದ ನೋಡಿದಂತಿಲ್ಲ. ದಿಬ್ಬದ ಹೊರ ಅಂಚಿನಲ್ಲಿ ಲಂಗರು ಹಾಕಿ, ಅರೆದ ಮೀನನ್ನು ಮಂಜುಗಡ್ಡೆಯಂತೆ ಗಟ್ಟಿಮಾಡಿದ ಮುದ್ದೆಯೊಂದನ್ನು ಬಲೆಯ ಚೀಲದಲ್ಲಿಟ್ಟು ಬೋಟಿನ ಹಿಂಬದಿಯಲ್ಲಿ ನೀರಿಗೆ ಇಳಿಬಿಡುತ್ತಾರೆ. ಅದು ಕರಗುತ್ತ, ಹರಿವಿನ ಗುಂಟ ಎಣ್ಣೆಯ ಪಸೆಯನ್ನೂ ಚೂರುಗಳನ್ನೂ ಬಿಡುತ್ತ ಹೋಗುತ್ತದೆ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಆ ತಿಳಿನೀರಿನ ಆಳದಿಂದ ಹಳದಿ ಬಾಲಗಳು ಮೇಲೇರತೊಡಗಿ, ಕೊನೆಗೆ ಬೋಟಿನ ಬೆನ್ನಿಗೇ ಹತ್ತಾರು ಯೆಲ್ಲೋಟೇಲ್ ಸ್ನ್ಯಾಪರ್‌ಗಳು ಸುತ್ತತೊಡಗುತ್ತವೆ. ಗಾಳಕ್ಕೆ ಸೀಸದ ಗುಂಡು ಕಟ್ಟದೆ, ನಮ್ಮ ಎರೆಯ ತುಣುಕು ಆ ಚೂರುಗಳ ವೇಗದಲ್ಲೇ ತೇಲಿಹೋಗುವಂತೆ ಬೆರಳ ತುದಿಯಿಂದ ನೂಲು ಬಿಡುತ್ತಿರಬೇಕು. ನೂಲು ಒಂದು ಕ್ಷಣ ಬಿಗಿಯಾದರೂ ಮೀನು ಎರೆಯನ್ನು ಮೂಸಿ ಹಿಂತಿರುಗುತ್ತದೆ. ಇಂಥ ನಯದ ಕೆಲಸವನ್ನು ಹತ್ತು ವರ್ಷದ ಹುಡುಗಿಯೂ ಎಪ್ಪತ್ತರ ಅಜ್ಜನೂ ಅರ್ಧ ಗಂಟೆಯಲ್ಲಿ ಕಲಿಯಬಲ್ಲರು, ಖಾಸಗಿ ಬಾಡಿಗೆ ಬೋಟು ಕರೆದೊಯ್ಯುವ ಆರು ಮಂದಿಯೂ ಒಟ್ಟಿಗೇ ಮಾಡಬಲ್ಲರು. ಅದೇ ಅಂಚಿನಲ್ಲಿ ಚಳಿಗಾಲದಲ್ಲಿ ಸಿಗುವ ಕಿಂಗ್ ಮ್ಯಾಕರೆಲ್ ನಮ್ಮ ಅಂಜಲಿನ ಕುಲದ್ದೇ ಎಂಬುದನ್ನು ಕರಾವಳಿಯ ಓದುಗರ ಗಮನಕ್ಕೆ ತರುತ್ತೇನೆ. ಅದಕ್ಕಾಗಿ ಯಾರೂ ಆಳಸಮುದ್ರಕ್ಕೆ ಹೋಗಬೇಕಾಗಿಲ್ಲ.

ಆಳಸಮುದ್ರದ ರೀತಿಯೇ ಬೇರೆ. ಅಲ್ಲಿ ಬೋಟು ನಿಲ್ಲುವುದಿಲ್ಲ; ಹಿಂದೆ ನಾಲ್ಕಾರು ಗಾಳಗಳನ್ನು ಎಳೆದುಕೊಂಡು ಓಡುತ್ತಲೇ ಇರುತ್ತದೆ, ಮತ್ತು ಹುಡುಕುವ ಕೆಲಸವೆಲ್ಲ ಬೋಟು ನಡೆಸುವ ತಾಂಡೇಲನದು. ಸರ್ಗಾಸಮ್ ಎಂಬ ಹೊಂಬಣ್ಣದ ಪಾಚಿ ಸಾಲುಗಟ್ಟಿ ತೇಲುವ ಜಾಗವನ್ನೋ, ಫ್ರಿಗೇಟ್ ಹಕ್ಕಿ ಸುತ್ತುವ ಜಾಗವನ್ನೋ ಆತ ಕಣ್ಣಿಟ್ಟು ನೋಡುತ್ತಿರುತ್ತಾನೆ, ಏಕೆಂದರೆ ಅವುಗಳ ಕೆಳಗೆ ಮಾಹಿ-ಮಾಹಿ ಎಂಬ ಮೀನು ಇರುವ ಸಂಭವ ಹೆಚ್ಚು. ವಾಹೂ, ಕೇದರದ ಬಳಗಕ್ಕೆ ಸೇರಿದ ಬ್ಲ್ಯಾಕ್‌ಫಿನ್ ಟ್ಯೂನಾ, ಬೆನ್ನ ಮೇಲೆ ಹಾಯಿಯಂಥ ರೆಕ್ಕೆಯುಳ್ಳ ಸೇಲ್‌ಫಿಶ್ ಎಲ್ಲವೂ ಅಲ್ಲಿ ಸಿಗುವುದು ನಿಜ, ಮತ್ತು ಒಂದು ದೊಡ್ಡ ಮೀನು ಕಚ್ಚಿ ರಾಟೆಯ ನೂಲು ಚೀರುತ್ತ ಓಡುವ ಗಳಿಗೆಗೆ ದಿಬ್ಬದ ಯಾವ ಅನುಭವವೂ ಸಾಟಿಯಲ್ಲ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಗಳಿಗೆ ಬರುವವರೆಗೆ ಆರು ಮಂದಿ ಸುಮ್ಮನೆ ಕುಳಿತಿರಬೇಕು. ಬಂದಾಗ ಗಾಳದ ಕೋಲು ಒಬ್ಬರ ಕೈಯಲ್ಲಿರುತ್ತದೆ, ಉಳಿದ ಐವರು ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಇಬ್ಬರು ಗೆಳೆಯರು ಹೋಗುವುದಾದರೆ ಇದು ಚೆನ್ನ. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಮೀನನ್ನೇ ತಿನ್ನದ ಬೀಗರು ಎಲ್ಲರೂ ಸೇರಿ ಹೋಗುವ ನಮ್ಮ ಪದ್ಧತಿಗೆ ಇದು ಹೊಂದುವುದಿಲ್ಲ. ಮೀನು ತಿನ್ನದವರಿಗೂ ದಿಬ್ಬದ ತಿಳಿನೀರಿನಲ್ಲಿ ನೋಡುವುದಕ್ಕೆ ಏನಾದರೂ ಇದ್ದೇ ಇರುತ್ತದೆ.

ವಾಂತಿಯ ವಿಷಯದಲ್ಲಿ ಮಾತ್ರ ದಿಬ್ಬದ ಬೋಟೇ ಸುಖ ಎಂದು ಯಾರೂ ನಂಬಿ ಹೋಗಬಾರದು. ಲಂಗರು ಹಾಕಿ ನಿಂತ ಬೋಟು ಅಲೆಗೆ ಸಿಕ್ಕಿ ತೊಟ್ಟಿಲಿನಂತೆ ಹೊಯ್ದಾಡುತ್ತದೆ; ಮೇಲಾಗಿ ಅರೆದ ಮೀನಿನ ವಾಸನೆಯೂ ಡೀಸೆಲ್ ಹೊಗೆಯೂ ಮೂಗಿಗೇ ಬಡಿಯುತ್ತಿರುತ್ತವೆ. ಓಡುತ್ತಿರುವ ಬೋಟಿನಲ್ಲಿ ಗಾಳಿಯಾದರೂ ಮುಖಕ್ಕೆ ತಾಗುತ್ತದೆ. ಹಾಗಿದ್ದೂ ನಾನು ದಿಬ್ಬದ ಪರವಾಗಿರುವುದಕ್ಕೆ ಕಾರಣ ಸರಳವಾಗಿದೆ: ಯಾರಿಗಾದರೂ ತೀರಾ ಸಂಕಟವಾದರೆ ಅಲ್ಲಿಂದ ದಡ ಹತ್ತಿರ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ, ಬೋಟು ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ.

ಇನ್ನು ತಿಂಗಳಿನ ವಿಚಾರ. ಡಿಸೆಂಬರಿನಿಂದ ಮಾರ್ಚಿನವರೆಗೆ ಉತ್ತರದಿಂದ ತಣ್ಣನೆಯ ಗಾಳಿ ಅಲೆಯಲೆಯಾಗಿ ಇಳಿದು ಬರುತ್ತದೆ. ಸೇಲ್‌ಫಿಶ್‌ಗೆ ಅದೇ ಸುಗ್ಗಿ. ಆದರೆ ಕಡಲು ಒರಟಾಗುವುದೂ ಆಗಲೇ. ಅಲ್ಲಿನ ಹವಾಮಾನ ಕಚೇರಿ ಗಾಳಿ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಮುಟ್ಟುವಾಗ ಸಣ್ಣ ಬೋಟುಗಳಿಗೆ ಎಚ್ಚರಿಕೆ ಹೊರಡಿಸುತ್ತದೆ. 15 ನಾಟ್ ದಾಟಿದ ದಿನವೇ ಹಿರಿಯರೂ ಮಕ್ಕಳೂ ಆಳಸಮುದ್ರದ ಆಸೆ ಬಿಡುವುದು ಒಳ್ಳೆಯದು. ನಮ್ಮವರು ಸಾಮಾನ್ಯವಾಗಿ ಅಮೆರಿಕಕ್ಕೆ ಹೋಗುವುದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ, ಮತ್ತು ಇದು ಲೇಖಕರ ಪರವಾಗಿ ಹೇಳಬಹುದಾದ ಮಾತು: ಮೇ, ಜೂನ್ ತಿಂಗಳಲ್ಲಿ ಮಾಹಿ-ಮಾಹಿಯ ಸುಗ್ಗಿಯೂ ಇರುತ್ತದೆ, ಕಡಲೂ ಬಹುತೇಕ ಶಾಂತವಾಗಿರುತ್ತದೆ. ಗಟ್ಟಿ ಹೊಟ್ಟೆಯವರು ಮೂರು ನಾಲ್ಕು ಮಂದಿ ಸೇರಿ ಆ ದಿನಗಳಲ್ಲಿ ಪೂರ್ಣ ದಿನದ ಬೋಟು ಹಿಡಿದರೆ ನನ್ನ ತಕರಾರಿಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಅವಧಿ ಎಂಬುದನ್ನೂ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಿಡಿಲು ಮಳೆ ಇದ್ದಕ್ಕಿದ್ದಂತೆ ಕವಿಯುತ್ತದೆ ಎಂಬುದನ್ನೂ ಗಮನದಲ್ಲಿಟ್ಟು ಬೆಳಗಿನ ಹೊತ್ತನ್ನೇ ಗೊತ್ತುಮಾಡಬೇಕು.

ಊಟದ ದೃಷ್ಟಿಯಿಂದ ನೋಡಿದರೆ ಜಾಹೀರಾತಿನ ಚಿತ್ರಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. ಬೋಟಿನವರ ಫಲಕದ ಮೇಲೆ ಮೆರೆಯುವ ಸೇಲ್‌ಫಿಶ್ ಅನ್ನು ಈಗ ಬಹುತೇಕ ಎಲ್ಲರೂ ಬೋಟಿನ ಪಕ್ಕದಲ್ಲೇ ಬಿಟ್ಟುಬಿಡುತ್ತಾರೆ. ಅದು ಮನೆಗೆ ಬರುವ ಮೀನಲ್ಲ. ಮುರು ಮೀನಿನ ಬಳಗದ ಗ್ರೂಪರ್‌ಗಳ ಮೇಲೆ ಅಟ್ಲಾಂಟಿಕ್ ಬದಿಯಲ್ಲಿ ಜನವರಿಯಿಂದ ಏಪ್ರಿಲ್ ಕೊನೆಯವರೆಗೆ ನಿಷೇಧವಿದೆ. ಯೆಲ್ಲೋಟೇಲ್ ಕನಿಷ್ಠ 12 ಇಂಚು ಉದ್ದವಿರಬೇಕು, ಮಾಹಿ-ಮಾಹಿ ಬಾಲದ ಕವಲಿನವರೆಗೆ 20 ಇಂಚು ಇರಬೇಕು. ಬೋಟಿನ ಕಲಾಸಿ ಪ್ರತಿಯೊಂದು ಮೀನನ್ನೂ ಅಳತೆ ಹಲಗೆಯ ಮೇಲೆ ಮಲಗಿಸಿ, ಬಾಲ ಗೆರೆ ಮುಟ್ಟದಿದ್ದರೆ ನಮ್ಮ ಮುಖವನ್ನೂ ನೋಡದೆ ನೀರಿಗೆ ಹಾಕುವುದನ್ನು ಕಂಡರೆ, ಹನ್ನೊಂದೂಮುಕ್ಕಾಲು ಇಂಚಿನ ಮೀನಿನ ಪರವಾಗಿ ವಾದಿಸುವ ಆಸೆ ತಾನಾಗಿ ಅಡಗುತ್ತದೆ. ದಡಕ್ಕೆ ಬಂದ ಮೇಲೆ ಅದೇ ಕಲಾಸಿ ಮೀನನ್ನು ಹಸನು ಮಾಡಿ ಕೊಡುತ್ತಾನೆ; ಆತನಿಗೆ ಬಾಡಿಗೆಯ ನೂರಕ್ಕೆ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಅಲ್ಲಿನ ರೂಢಿ, ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹಿಡಿದುದನ್ನು ಬೇಯಿಸಿ ಬಡಿಸುವ ಹೋಟೆಲುಗಳೂ ಇವೆ. ದಿಬ್ಬದಲ್ಲಿ ಸಿಗುವ ಬರಾಕುಡಾವನ್ನು ಮಾತ್ರ ಎಷ್ಟು ದೊಡ್ಡದಿದ್ದರೂ ತಿನ್ನಬಾರದು. ಅದರ ಮಾಂಸದಲ್ಲಿ ಸಿಗ್ವಟೆರಾ ಎಂಬ ಕಾಯಿಲೆ ತರುವ ವಿಷ ಇರಬಹುದು, ಎಷ್ಟು ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ.

ದಿಬ್ಬವನ್ನು ಆರಿಸಿಕೊಂಡವರ ಮೇಲೆ ಒಂದು ಹೊಣೆಯೂ ಬರುತ್ತದೆ, ತಮ್ಮ ಪುರವಣಿ ಅದನ್ನು ಮುಟ್ಟಲೇ ಇಲ್ಲ. ಆ ಕಡಲು 1990ರಿಂದ ರಾಷ್ಟ್ರೀಯ ಸಾಗರ ಅಭಯಾರಣ್ಯ. ಹವಳದ ಮೇಲೆ ಲಂಗರು ಬೀಳಬಾರದೆಂದು ಬೋಟು ಕಟ್ಟುವುದಕ್ಕೇ ತೇಲುಬುರುಡೆಗಳನ್ನು ನೆಟ್ಟಿದ್ದಾರೆ. ಕೆಲವು ದಿಬ್ಬಗಳ ಸುತ್ತ ಮೀನು ಹಿಡಿಯುವಂತೆಯೇ ಇಲ್ಲ. ಕೀ ವೆಸ್ಟಿನ ನೈರುತ್ಯಕ್ಕೆ ಸುಮಾರು 10 ಮೈಲಿ ದೂರದ ವೆಸ್ಟರ್ನ್ ಡ್ರೈ ರಾಕ್ಸ್ ಎಂಬ ಜಾಗವನ್ನು 2021ರಿಂದ ಪ್ರತಿ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ಮುಚ್ಚುತ್ತಾರೆ, ಏಕೆಂದರೆ ಸ್ನ್ಯಾಪರ್ ಮೀನುಗಳು ಮೊಟ್ಟೆ ಇಡಲು ಅಲ್ಲಿ ಸೇರುತ್ತವೆ. ಮೀನು ಮರಿಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರೀಕೃತ ಬೋಟುಗಳು ದಡದಲ್ಲಿ ನಿಲ್ಲುವುದನ್ನು ಕಂಡ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಆಳದಿಂದ ಬೇಗ ಮೇಲೆತ್ತಿದ ಮೀನಿನ ಒಳಗಿನ ಗಾಳಿಚೀಲ ಉಬ್ಬಿ, ಹೊಟ್ಟೆ ಬಾಯಿಯಿಂದ ಹೊರಗೆ ಬಂದಿರುತ್ತದೆ. ಅಂಥದನ್ನು ಹಾಗೇ ನೀರಿಗೆ ಎಸೆದರೆ ಅದು ಮುಳುಗಲಾರದೆ ಸಾಯುತ್ತದೆ. ತೂಕ ಕಟ್ಟಿ ಅದನ್ನು ಮತ್ತೆ ಆಳಕ್ಕೆ ಇಳಿಸುವ ಸಾಧನ ಬೋಟಿನಲ್ಲಿದೆಯೇ ಎಂದು ಕೇಳುವ ಹಕ್ಕು ಹಣ ಕೊಟ್ಟ ನಮಗಿದೆ. 2023ರ ಬೇಸಿಗೆಯಲ್ಲಿ ನೀರು ವಿಪರೀತ ಕಾದು ಅಲ್ಲಿನ ಹವಳ ಬಿಳುಚಿ ಹೋದ ಮೇಲಂತೂ, ಈ ಪ್ರಶ್ನೆಗಳಿಗೆ ಸಿಡುಕುವ ತಾಂಡೇಲನ ಬೋಟನ್ನು ನಾನು ಹತ್ತುವುದಿಲ್ಲ.

ಇದು ದೂರದ ದೇಶದ ಮಾತಷ್ಟೇ ಎಂದುಕೊಳ್ಳಬೇಕಿಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳವೂ ಇದೆ, ಅದನ್ನು ನೋಡಲು ಮುಳುಗುವ ಪ್ರವಾಸಿಗರೂ ಇದ್ದಾರೆ. ದಿಬ್ಬ ಕಟ್ಟುವ ಹವಳಗಳೂ ದೈತ್ಯ ಗ್ರೂಪರ್ ಮೀನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುಂದೆ ನಮ್ಮಲ್ಲೂ ಗಾಳದ ಬೋಟುಗಳು ಪ್ರವಾಸೋದ್ಯಮದ ಹೆಸರಿನಲ್ಲಿ ಬಂದರೆ, ಅವನ್ನು ನೇತ್ರಾಣಿಯ ಬಂಡೆಗಳಿಂದ ದೂರವಿಡಬೇಕು ಎಂಬುದು ನನ್ನ ಅಭಿಪ್ರಾಯ. ಫ್ಲೋರಿಡಾದಲ್ಲಿ ದಿಬ್ಬ ನೂರಾರು ಮೈಲಿ ಹಬ್ಬಿದೆ, ಕಾಯುವವರೂ ಇದ್ದಾರೆ. ನಮ್ಮದು ಒಂದು ಪುಟ್ಟ ದ್ವೀಪದ ಸುತ್ತಲಿನದು.

ತಮ್ಮ ಪುರವಣಿ ಮುಂದಿನ ಬಾರಿ ಈ ವಿಷಯವನ್ನು ಎತ್ತಿಕೊಂಡಾಗ ದರಪಟ್ಟಿಯ ಜೊತೆಗೆ ತಿಂಗಳುಗಳ ನಿಷೇಧವನ್ನೂ, ಬೋಟು ಗೊತ್ತುಮಾಡುವಾಗ ಫೋನಿನಲ್ಲೇ ಕೇಳಬೇಕಾದ ಪ್ರಶ್ನೆಗಳನ್ನೂ ಮುದ್ರಿಸಬೇಕೆಂದು ವಿನಂತಿಸುತ್ತೇನೆ. ತಾಂಡೇಲನಿಗೆ ಅಲ್ಲಿನ ಕೋಸ್ಟ್ ಗಾರ್ಡ್ ಪರವಾನಗಿ ಇದೆಯೇ, ಗಾಳ ಹಾಕುವವರ ಪರವಾನಗಿ ಬೋಟಿನ ಪರವಾನಗಿಯಲ್ಲೇ ಸೇರಿದೆಯೇ, ಹಿಡಿದ ಮೀನು ಯಾರಿಗೆ ಸೇರುತ್ತದೆ, ಗಾಳಿಯಿಂದಾಗಿ ಬೋಟು ಹೊರಡದಿದ್ದರೆ ಮುಂಗಡ ಹಣ ಹಿಂದಕ್ಕೆ ಬರುತ್ತದೆಯೇ ಎಂಬಿಷ್ಟನ್ನು ಕೇಳಲು ಐದು ನಿಮಿಷ ಸಾಕು. ಆರು ಮಂದಿಯ ಖಾಸಗಿ ಬೋಟು ದುಬಾರಿ ಎನಿಸುವವರಿಗೆ, ತಲೆಗಿಷ್ಟು ಎಂದು ಹಣ ತೆಗೆದುಕೊಂಡು ಹತ್ತಾರು ಜನರನ್ನು ದಿಬ್ಬಕ್ಕೆ ಕರೆದೊಯ್ಯುವ ದೊಡ್ಡ ಬೋಟುಗಳೂ ಅಲ್ಲಿವೆ ಎಂಬ ಒಂದು ಸಾಲನ್ನೂ ದಯವಿಟ್ಟು ಸೇರಿಸಿರಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂದಾಪುರ