ಪದಕದ ಪಟ್ಟಿ ಮತ್ತು ಮೂತ್ರದ ಬಾಟಲಿ: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ಮಾನ್ಯರೆ,

ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದ ನಾನು ಈ ಪತ್ರವನ್ನು ತುಸು ಅಳುಕಿನಿಂದಲೇ ಬರೆಯುತ್ತಿದ್ದೇನೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದೊರೆತಿದೆ, 2036ರ ಒಲಿಂಪಿಕ್ಸ್ ಕೂಡ ಭಾರತದಲ್ಲೇ ನಡೆಯಬೇಕೆಂಬ ಪ್ರಯತ್ನ ಸಾಗಿದೆ. ಇದರಿಂದ ಜಗತ್ತಿನ ಕಣ್ಣಲ್ಲಿ ದೇಶದ ಘನತೆ ಹೆಚ್ಚುತ್ತದೆ ಎಂಬ ಮಾತು ವೇದಿಕೆ ವೇದಿಕೆಗಳಲ್ಲಿ ಕೇಳಿಬರುತ್ತಿದೆ. ಹೆಚ್ಚಲಿ ಎಂಬುದೇ ನನ್ನ ಆಸೆಯೂ. ಆದರೆ ಆ ಜಗತ್ತು ಪದಕಗಳ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಇಟ್ಟುಕೊಂಡಿದೆ ಮತ್ತು ಅದರಲ್ಲಿ ನಾವು ಮೊದಲ ಸ್ಥಾನದಲ್ಲಿದ್ದೇವೆ.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಪ್ರಕಟಿಸಿದ 2024ರ ಲೆಕ್ಕದ ಪ್ರಕಾರ ಭಾರತದಲ್ಲಿ ಪರೀಕ್ಷೆಗೆ ಒಳಗಾದ 7,113 ಮೂತ್ರ ಮತ್ತು ರಕ್ತದ ಮಾದರಿಗಳ ಪೈಕಿ 260ರಲ್ಲಿ ನಿಷೇಧಿತ ಮದ್ದಿನ ಅಂಶ ಕಂಡುಬಂದಿತ್ತು. ಹಿಂದಿನ ವರ್ಷ 5,606ಕ್ಕೆ 213. ಹೆಚ್ಚು ಪರೀಕ್ಷಿಸಿದರೆ ಹೆಚ್ಚು ಸಿಗುವುದು ಸಹಜ ಎಂದು ಹೇಳುವವರಿದ್ದಾರೆ. ಪರೀಕ್ಷೆಗಳ ಸಂಖ್ಯೆ ಏರಿರುವುದು ಒಳ್ಳೆಯದೇ, ಸಿಕ್ಕ ಪ್ರಕರಣಗಳೆಲ್ಲ ಮೋಸವೇ ಆಗಿರಬೇಕಿಲ್ಲ ಎಂಬುದೂ ನಿಜವೇ. ಆದರೂ ಅದೇ ವರ್ಷ 15 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ಜರ್ಮನಿಯಲ್ಲಿ ಸಿಕ್ಕಿದ್ದು 54, 24 ಸಾವಿರಕ್ಕೂ ಹೆಚ್ಚು ಪರೀಕ್ಷಿಸಿದ ಚೀನಾದಲ್ಲಿ 43. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆರು ಪದಕ ಪಡೆದು 71ನೇ ಸ್ಥಾನದಲ್ಲಿ ನಿಂತ ದೇಶದ ಈ ಇನ್ನೊಂದು ಸ್ಥಾನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಣ್ಣಿಗೂ ಬಿದ್ದಿದೆ. 2025ರ ಜುಲೈಯಲ್ಲಿ ಆತಿಥ್ಯದ ಮಾತುಕತೆಗೆಂದು ಲೂಸಾನ್‌ಗೆ ಹೋದ ನಮ್ಮ ನಿಯೋಗದ ಮುಂದೆ ಸಮಿತಿ ಈ ವಿಷಯವನ್ನು ಎತ್ತಿತೆಂದು ಪತ್ರಿಕೆಗಳು ವರದಿ ಮಾಡಿದ್ದವು.

ಅಂಕಿಗಳನ್ನು ಬಿಟ್ಟು, ನಾನೇ ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಜಿಲ್ಲಾ ಮಟ್ಟದ ಕ್ರೀಡಾಕೂಟದ ಎರಡನೇ ದಿನ ಸಂಜೆ ನಾನು ಬ್ಯಾಟನ್ನುಗಳನ್ನು ಎಣಿಸಿ ಚೀಲಕ್ಕೆ ಹಾಕುತ್ತಿದ್ದಾಗ, ಶೌಚಾಲಯ ತೊಳೆಯುವ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಮೂರು ಸಿರಿಂಜುಗಳನ್ನು ತಂದು ತೋರಿಸಿ, "ಮೇಷ್ಟ್ರೇ, ಇಲ್ಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಐತಾ?" ಎಂದು ಕೇಳಿದಳು. ಅಂದು ಓಡಿದವರೆಲ್ಲ ಹದಿನಾರು, ಹದಿನೇಳರ ಮಕ್ಕಳು. ನಾನು ಸಂಘಟಕರಿಗೆ ತಿಳಿಸಿದೆ. ಅವರು ಕವರನ್ನು ಕಸದ ಬುಟ್ಟಿಗೆ ಹಾಕಿಸಿದರು. ನಾನೂ ಅಷ್ಟಕ್ಕೇ ಸುಮ್ಮನಾದೆ. ಇಂದು ಈ ಪತ್ರ ಬರೆಯಲು ಆ ಮೌನವೂ ಒಂದು ಕಾರಣ.

ಮರುವರ್ಷ ನನ್ನದೇ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಲೇಬಲ್ಲನ್ನು ಅರ್ಧ ಕೆರೆದಿದ್ದ ಡಬ್ಬಿಯೊಂದನ್ನು ಮನೆಗೆ ತಂದ. ಇನ್ನೂರು ಮೀಟರ್ ಓಟದಲ್ಲಿ ನನ್ನ ಕೈಗಡಿಯಾರಕ್ಕೇ ನಂಬಿಕೆ ಬಾರದಷ್ಟು ಸುಧಾರಿಸಿದ್ದ ಹುಡುಗ ಅವನು. ಜಿಮ್ಮಿನವನೊಬ್ಬ ಕೊಟ್ಟದ್ದಂತೆ, ಪ್ರೋಟೀನಂತೆ. ಒಳಗೇನಿದೆ ಎಂದು ಕೇಳಿದರೆ, "ಗೊತ್ತಿಲ್ಲ ಸರ್, ಪೊಲೀಸ್ ನೇಮಕಾತಿಗೆ ರಾಜ್ಯಮಟ್ಟದ ಸರ್ಟಿಫಿಕೇಟ್ ಬೇಕು" ಎಂದ. ನಾನು ಕೇಳಿದ್ದು ಡಬ್ಬಿಯ ಬಗ್ಗೆ, ಅವನು ಹೇಳಿದ್ದು ನೌಕರಿಯ ಬಗ್ಗೆ. ಮೂರು ಎಕರೆ ಖುಷ್ಕಿ ಜಮೀನಿನ ಮನೆಯಿಂದ ಬಂದವನಿಗೆ ಅವೆರಡೂ ಬೇರೆಬೇರೆಯಾಗಿ ಕಾಣಲಿಲ್ಲ.

ನೋವು ಮಕ್ಕಳದ್ದು ಮಾತ್ರವಲ್ಲ. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ 4×400 ಮೀಟರ್ ರಿಲೇಯಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮತ್ತವರ ತಂಡ ಚಿನ್ನ ಗೆದ್ದಾಗ ಶಾಲೆಯ ಟಿವಿ ಮುಂದೆ ಕುಣಿದವರಲ್ಲಿ ನಾನೂ ಒಬ್ಬ. ಮರುತಿಂಗಳೇ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 400 ಮೀಟರ್ ಹರ್ಡಲ್ಸ್ ಚಿನ್ನವನ್ನೂ ತಂದರು. 2011ರಲ್ಲಿ ಅವರೂ ಸೇರಿದಂತೆ ಹಲವು ಓಟಗಾರ್ತಿಯರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ತರಬೇತುದಾರ ತಂದುಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯಲ್ಲಿ ಕಲಬೆರಕೆಯಿತ್ತು ಎಂಬುದು ಅವರ ವಾದ. ಆತನನ್ನು ಕೆಲಸದಿಂದ ತೆಗೆಯಲಾಯಿತು. ಇಲ್ಲಿ ವಿಧಿಸಿದ್ದ ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಎರಡು ವರ್ಷಕ್ಕೆ ಏರಿಸಿತು. ಮೈಯೊಳಗೆ ಏನು ಸಿಕ್ಕಿತೋ ಅದಕ್ಕೆ ಓಡಿದವರೇ ಹೊಣೆ ಎನ್ನುವುದು ನಿಯಮ. ಕೊಟ್ಟ ಕೈಯ ಹೆಸರು ನೆನಪಿಟ್ಟವರು ಎಷ್ಟು ಜನ?

ಪದಕಗಳಿಂದಲೇ ಘನತೆ ಬರುವುದಾದರೆ ಪೂರ್ವ ಜರ್ಮನಿಗೆ ಬರಬೇಕಿತ್ತು. ಎರಡು ಕೋಟಿಯೂ ಇಲ್ಲದ ಜನಸಂಖ್ಯೆಯ ಆ ದೇಶ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 40 ಚಿನ್ನ ಗೆದ್ದು, 34 ಗೆದ್ದ ಅಮೆರಿಕವನ್ನು ಹಿಂದಿಕ್ಕಿತು. ಮಹಿಳೆಯರ ಈಜಿನ 13 ಚಿನ್ನಗಳಲ್ಲಿ 11 ಅದರ ಪಾಲಾದವು. ಸರ್ಕಾರವೇ ಯೋಜನೆ ಹಾಕಿ ಮಕ್ಕಳಿಗೆ ಹಾರ್ಮೋನ್ ಮಾತ್ರೆ ತಿನ್ನಿಸಿದ್ದು ಬರ್ಲಿನ್ ಗೋಡೆ ಬಿದ್ದ ಮೇಲೆ ಕಡತಗಳಿಂದ ಹೊರಬಂತು. 2000ನೇ ಇಸವಿಯಲ್ಲಿ ಆ ದೇಶದ ಕ್ರೀಡಾ ಮುಖ್ಯಸ್ಥನಾಗಿದ್ದ ಮಾನ್‌ಫ್ರೆಡ್ ಎವಾಲ್ಡ್‌ನನ್ನು ಬರ್ಲಿನ್ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸಿತು. ಆ ಚಿನ್ನಗಳು ದಾಖಲೆಯಲ್ಲಿ ಈಗಲೂ ಇವೆ, ಆದರೆ ಅವುಗಳ ಮಾತು ಬಂದಾಗಲೆಲ್ಲ ಮಾತ್ರೆಯ ಮಾತೂ ಬರುತ್ತದೆ. ನಮ್ಮಲ್ಲಿ ಮಾತ್ರೆ ಕೊಡುತ್ತಿರುವುದು ಸರ್ಕಾರವಲ್ಲ, ಒಪ್ಪುತ್ತೇನೆ. ಆದರೆ ಅದು ಬೇಕೆನಿಸುವಂತೆ ಮಾಡುವ ಬಹುಮಾನವನ್ನು ಕಟ್ಟುತ್ತಿರುವುದು ಸರ್ಕಾರವೇ.

ಡೋಪಿಂಗ್ ಪರೀಕ್ಷೆ ಕೇಂದ್ರದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ, ಅಂದರೆ ನಾಡಾಕ್ಕೆ, ಸೇರಿದ್ದು, ರಾಜ್ಯಕ್ಕೆ ಸಂಬಂಧವಿಲ್ಲ ಎಂಬ ಉತ್ತರ ಬರಬಹುದೆಂದು ಊಹಿಸಬಲ್ಲೆ. ಸ್ವಾಮಿ, ಒಲಿಂಪಿಕ್ ಪದಕಕ್ಕೆ ಕೋಟಿ ಲೆಕ್ಕದ ಬಹುಮಾನ ಘೋಷಿಸುವುದು ರಾಜ್ಯ. ಸರ್ಟಿಫಿಕೇಟನ್ನು ನೌಕರಿಯ ತೂಕಕ್ಕೆ ಇಡುವುದು ರಾಜ್ಯ. ಕ್ರೀಡಾ ವಸತಿ ನಿಲಯಗಳೂ ಜಿಲ್ಲಾ ಕ್ರೀಡಾಂಗಣಗಳೂ ನಿಮ್ಮವೇ, ಔಷಧ ಅಂಗಡಿಗಳಿಗೆ ಪರವಾನಗಿ ಕೊಡುವುದೂ ನಿಮ್ಮ ಸರ್ಕಾರವೇ. ಪರೀಕ್ಷಕರು ಬರಲಾರರು ಎಂಬ ಧೈರ್ಯದ ಮೇಲೆ ಕೆಳಹಂತದ ಕೂಟಗಳಲ್ಲಿ ಏನೇನು ನಡೆಯುತ್ತದೆ ಎಂಬುದಕ್ಕೆ 2023ರ ಸೆಪ್ಟೆಂಬರಿನ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟವನ್ನು ನೋಡಬಹುದು. ನಾಡಾ ಸಿಬ್ಬಂದಿ ಬಂದರೆಂಬ ಸುದ್ದಿ ಹಬ್ಬುತ್ತಲೇ ಪುರುಷರ 100 ಮೀಟರ್ ಫೈನಲ್‌ಗೆ ಉಳಿದವನು ಒಬ್ಬನೇ ಓಟಗಾರ. ಅವನು ಒಬ್ಬನೇ ಓಡಿದ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನೌಕರಿಗೆ ಅಥವಾ ನಗದು ಬಹುಮಾನಕ್ಕೆ ಲೆಕ್ಕವಾಗುವ ಪ್ರತಿ ರಾಜ್ಯಮಟ್ಟದ ಕೂಟಕ್ಕೂ ಪರೀಕ್ಷಾ ತಂಡವನ್ನು ಕಳುಹಿಸುವಂತೆ ನಾಡಾದೊಂದಿಗೆ ಒಪ್ಪಂದ ಮಾಡಿಕೊಂಡು, ಅದರ ವೆಚ್ಚವನ್ನು ಬಹುಮಾನದ ಬಾಬ್ತಿನಿಂದಲೇ ಭರಿಸಿ. ಫಲಿತಾಂಶ ಬರುವವರೆಗೆ ಸರ್ಟಿಫಿಕೇಟನ್ನು ತಡೆಹಿಡಿಯಿರಿ. ಅಪ್ರಾಪ್ತ ವಯಸ್ಸಿನ ಕ್ರೀಡಾಪಟು ಸಿಕ್ಕಿಬಿದ್ದರೆ ತನಿಖೆ ತರಬೇತುದಾರನಿಂದ, ಮದ್ದು ಮಾರಿದವನಿಂದ ಆರಂಭವಾಗಲಿ. ವಸತಿ ನಿಲಯದ ಗೋಡೆಗೆ ನಿಷೇಧಿತ ಮದ್ದುಗಳ ವಿವರವನ್ನು ಕನ್ನಡದಲ್ಲಿ ಅಂಟಿಸಿ. ನೆಗಡಿಗೆ ನುಂಗುವ ಯಾವ ಮಾತ್ರೆ ತೊಂದರೆಗೆ ಸಿಲುಕಿಸಬಹುದೆಂಬುದು ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾವ ತರಬೇತಿಯಲ್ಲೂ ನನಗೆ ತಿಳಿಯಲಿಲ್ಲ.

ಆ ಹುಡುಗನ ಡಬ್ಬಿ ಇನ್ನೂ ನನ್ನ ಮನೆಯ ಅಟ್ಟದ ಮೇಲಿದೆ. ಅದರಲ್ಲೇನಿದೆ ಎಂದು ಪರೀಕ್ಷಿಸಿಕೊಡುವ ವ್ಯವಸ್ಥೆ ನಿಮ್ಮ ಇಲಾಖೆಯಲ್ಲಿದ್ದರೆ ತಿಳಿಸಿ, ತಂದುಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ