ಅಳೆದು ಕತ್ತರಿಸಿದವರಿಗೆ ನಮಸ್ಕಾರ

ಜಠರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆಯಿತು. ಮೊನ್ನೆಯ ಸ್ಕ್ಯಾನಿನಲ್ಲಿ ಏನೂ ಕಾಣಿಸಿಲ್ಲ. ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಉತ್ತರಿಸುವ ತ್ರಾಣ ನನಗಿಲ್ಲ, ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಶಸ್ತ್ರವೈದ್ಯರಿಗೆ. ಗಡ್ಡೆಯಿದ್ದದ್ದು ಜಠರದ ಕೆಳತುದಿಯಲ್ಲಿ. ಬಂಧುಗಳ ಸಭೆ ಅಷ್ಟರಲ್ಲೇ ತೀರ್ಪು ಕೊಟ್ಟಾಗಿತ್ತು: "ಪೂರ್ತಿ ತೆಗೆಸಿಬಿಡಿ, ಪೀಡೆ ಬುಡಸಮೇತ ಹೋಗಲಿ." ವೈದ್ಯರು ಸಿಡುಕಲಿಲ್ಲ. ಚೀಟಿಯ ಹಿಂಬದಿಯಲ್ಲಿ ಜಠರದ ಚಿತ್ರ ಬರೆದು, ಗಡ್ಡೆಯ ಮೇಲ್ಗಡೆ ಸಾಕಷ್ಟು ಆರೋಗ್ಯವಂತ ಅಂಚು ಸಿಗುವಾಗ ಉಳಿದದ್ದನ್ನೂ ಕತ್ತರಿಸಿದರೆ ಆಯಸ್ಸೇನೂ ಹೆಚ್ಚುವುದಿಲ್ಲ ಎಂದರು. ಇಟಲಿಯಲ್ಲಿ ನನ್ನಂತೆಯೇ ಕೆಳಭಾಗದಲ್ಲಿ ಗಡ್ಡೆಯಿದ್ದ ಆರುನೂರಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 1999ರಲ್ಲಿ ಪ್ರಕಟವಾಗಿದೆ. ಐದು ವರ್ಷ ದಾಟಿದವರು ಭಾಗಶಃ ತೆಗೆಸಿಕೊಂಡವರಲ್ಲಿ ಶೇ. 65, ಪೂರ್ತಿ ತೆಗೆಸಿಕೊಂಡವರಲ್ಲಿ ಶೇ. 62. ಸಭೆ ಬರಖಾಸ್ತಾಯಿತು.

ಕ್ಯಾನ್ಸರು ಹಬ್ಬುವ ದಾರಿಯಲ್ಲಿರುವ ದುಗ್ಧಗ್ರಂಥಿಗಳ (ಲಿಂಫ್ ನೋಡ್) ವಿಷಯದಲ್ಲಿ ಮಾತ್ರ ಅವರು ಜಿಪುಣತನ ಬೇಡವೆಂದರು. ಜಠರಕ್ಕೆ ಅಂಟಿದವುಗಳ ಜೊತೆಗೆ ರಕ್ತನಾಳಗಳ ಗುಂಟ ಇರುವವನ್ನೂ ತೆಗೆಯುವುದಕ್ಕೆ ಡಿ2 ಎನ್ನುತ್ತಾರೆ. ಅದರಲ್ಲಿ ಅಪಾಯವಿಲ್ಲವೇ ಎಂದು ಕೇಳಿದೆ. ಇದೆ ಎಂದೇ ಹೇಳಿದರು. ನೆದರ್‌ಲೆಂಡ್ಸಿನ ಒಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡವರು ಡಿ2 ಗುಂಪಿನಲ್ಲಿ ಶೇ. 10, ಕಡಿಮೆ ಗ್ರಂಥಿ ತೆಗೆದ ಡಿ1 ಗುಂಪಿನಲ್ಲಿ ಶೇ. 4. ಆಗ ಡಿ2 ಜೊತೆಗೆ ಗುಲ್ಮವನ್ನೂ (ಸ್ಪ್ಲೀನ್) ಮೇದೋಜೀರಕ ಗ್ರಂಥಿಯ ತುದಿಯನ್ನೂ ತೆಗೆಯುತ್ತಿದ್ದದ್ದು ಅದಕ್ಕೊಂದು ದೊಡ್ಡ ಕಾರಣ. ಆದರೆ ಹದಿನೈದು ವರ್ಷಗಳ ಲೆಕ್ಕ 2010ರಲ್ಲಿ ಹೊರಬಂದಾಗ, ಈ ಕ್ಯಾನ್ಸರಿನಿಂದಲೇ ಸತ್ತವರು ಡಿ2 ಗುಂಪಿನಲ್ಲಿ ಕಡಿಮೆಯಿದ್ದರು. ಈಗ ಪಳಗಿದ ಕೈಗಳು ಗುಲ್ಮವನ್ನು ಉಳಿಸಿಯೇ ಡಿ2 ಮಾಡುತ್ತವೆ. ಕೆಟ್ಟ ಅಂಕಿಯನ್ನೂ ಮುಚ್ಚಿಡದೆ ಹೇಳಿದರಲ್ಲ, ನಾನು ಸಹಿ ಹಾಕಿದ್ದು ಅದಕ್ಕಾಗಿ.

ಕತ್ತರಿಸಿ ತೆಗೆದದ್ದನ್ನು ಪರೀಕ್ಷಿಸುವ, ನಾನು ಮುಖವನ್ನೇ ಕಾಣದ ಪೆಥಾಲಜಿಸ್ಟರಿಗೂ ವಂದನೆ. ಕೊಬ್ಬಿನೊಳಗಿಂದ ಗ್ರಂಥಿಗಳನ್ನು ಹೆಕ್ಕಿ ಎಣಿಸುವುದು ಅವರ ಪಾಡು. ಹದಿನಾರಾದರೂ ಸಿಕ್ಕರೆ ಮಾತ್ರ ರೋಗ ಎಷ್ಟು ಹಬ್ಬಿದೆಯೆಂದು ನೆಚ್ಚಿಕೊಂಡು ಹೇಳಬಹುದಂತೆ. ಅವರಿಗೆ ಯಾರೂ ಹಣ್ಣಿನ ಬುಟ್ಟಿ ಕಳಿಸುವುದಿಲ್ಲ. ಕೀಮೋ ವಿಭಾಗದ ದಾದಿಯರಿಗೆ, ರಕ್ತ ಕೊಟ್ಟ ಹುಡುಗರಿಗೆ ಕೃತಜ್ಞತೆಗಳು.

ಹೆಂಡತಿಯ ಋಣ ಬೇರೆಯದೇ. ದಿನಕ್ಕೆ ಆರು ಸಲ ಅಂಗೈಯಗಲದ ಊಟ, ನಿಂಬೆಹಣ್ಣಿನಷ್ಟು ಮುದ್ದೆ, ಊಟದ ನಡುವೆ ನೀರು ಕೇಳಿದರೆ ಗದರಿಕೆ. ಸಿಹಿ ತಿಂದರೆ ಅದು ಕರುಳಿಗೆ ಒಮ್ಮೆಗೇ ಇಳಿದು ಬೆವರು, ಎದೆಬಡಿತ ಶುರುವಾಗುತ್ತದೆ. ನೋಡಲು ಬರುವವರು ಧಾರಾಳವಾಗಿ ಬನ್ನಿ, ಮೈಸೂರು ಪಾಕು ಮಾತ್ರ ತರಬೇಡಿ.