ಭಾಗ್ಯಾ, ನಿಲ್ಲುವುದನ್ನೂ ಕಲಿ

ಚಿ. ಭಾಗ್ಯಾಳಿಗೆ ಬ್ರಿಸ್ಬೇನ್‌ನಿಂದ ಕಾಕಾನ ಆಶೀರ್ವಾದಗಳು.

ಕೋಚ್ ನಿನ್ನನ್ನು ಸೈಕಲ್ ರೇಸಿನಲ್ಲಿ ಟೈಮ್ ಟ್ರಯಲ್‌ನಿಂದ ಸ್ಪ್ರಿಂಟ್‌ಗೆ ಹಾಕಿದ್ದಾರೆ, ನೀನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅಂತ ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಬೇಜಾರಾಗುತ್ತದೆ, ನಿಜ. ಇಷ್ಟು ದಿನ ಟೈಮ್ ಟ್ರಯಲ್‌ನಲ್ಲಿ ಗಡಿಯಾರದ ಎದುರು ಒಬ್ಬಳೇ ತುಳಿದು ಗೆದ್ದವಳು ನೀನು. ಈಗ ಸ್ಪ್ರಿಂಟ್‌ನಲ್ಲಿ ಪಕ್ಕದಲ್ಲಿ ಇನ್ನೊಬ್ಬಳು ಇರುತ್ತಾಳೆ, ಅವಳಿಗಿಂತ ಮೊದಲು ಗೆರೆ ಮುಟ್ಟಬೇಕು.

ಇಲ್ಲಿನ ವೆಲೋಡ್ರೋಮ್‌ಗೆ, ಅಂದರೆ ಸೈಕಲ್ ರೇಸಿನ ಕ್ರೀಡಾಂಗಣಕ್ಕೆ, ಆಸ್ಟ್ರೇಲಿಯಾದ ಸೈಕಲ್ ಓಟಗಾರ್ತಿ ಅನ್ನಾ ಮಿಯರ್ಸ್ ಹೆಸರಿಟ್ಟಿದ್ದಾರೆ. ಇದೇ ಕ್ವೀನ್ಸ್‌ಲ್ಯಾಂಡಿನ ಬ್ಲ್ಯಾಕ್‌ವಾಟರ್ ಎಂಬ ಕಲ್ಲಿದ್ದಲು ಗಣಿಯ ಊರಲ್ಲಿ ಹುಟ್ಟಿದವಳು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 500 ಮೀಟರ್ ಟೈಮ್ ಟ್ರಯಲ್ ಅನ್ನು 33.952 ಸೆಕೆಂಡಿನಲ್ಲಿ ಮುಗಿಸಿ, ವಿಶ್ವ ದಾಖಲೆ ಮಾಡಿ ಚಿನ್ನ ತಂದಳು. ಆಗ ವಯಸ್ಸು 20. ಆಮೇಲೆ ಏನಾಯ್ತು ಗೊತ್ತಾ? ಬಿಎಂಎಕ್ಸ್ ಎಂಬ, ದಿಬ್ಬಗಳ ಮೇಲೆ ಸಣ್ಣ ಸೈಕಲ್ ಓಡಿಸುವ ಆಟಕ್ಕೆ ಜಾಗ ಮಾಡಿಕೊಡಲು ಟೈಮ್ ಟ್ರಯಲನ್ನೇ ಒಲಿಂಪಿಕ್ಸ್‌ನಿಂದ ತೆಗೆದುಬಿಟ್ಟರು!

ಸ್ಪ್ರಿಂಟ್‌ನಲ್ಲಿ ಆಕೆಗೆ ಅಥೆನ್ಸ್‌ನಲ್ಲೇ ಕಂಚು ಬಂದಿತ್ತು. ಅದನ್ನೇ ಗಟ್ಟಿಯಾಗಿ ಹಿಡಿದಳು. 2008ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಿದ್ದು ಕತ್ತಿನ ಮೂಳೆ ಬಿರುಕುಬಿಟ್ಟಿತು. ಏಳು ತಿಂಗಳಿಗೆ ಬೀಜಿಂಗ್‌ನಲ್ಲಿ ಬೆಳ್ಳಿ. ಇದನ್ನು ಕೇಳಿ ನೀನು ಹುಂಬತನ ಮಾಡಬೇಡ ತಾಯಿ. ನೀನು ಬಿದ್ದರೆ ಡಾಕ್ಟರ್ ಹೇಳುವ ತನಕ ಸೈಕಲ್ ಮುಟ್ಟಕೂಡದು.

ಬೀಜಿಂಗ್‌ನಲ್ಲಿ ಆಕೆಯನ್ನು ಸೋಲಿಸಿದ್ದು ಬ್ರಿಟನ್ನಿನ ವಿಕ್ಟೋರಿಯಾ ಪೆಂಡಲ್ಟನ್. 2012ರಲ್ಲಿ ಲಂಡನ್ ಫೈನಲ್‌ಗೂ ಅವರಿಬ್ಬರೇ ಬಂದರು. ಮೊದಲ ಓಟದಲ್ಲಿ ಪೆಂಡಲ್ಟನ್ ಕೂದಲೆಳೆಯಷ್ಟು ಮುಂದಿದ್ದಳು. ಆದರೆ ತನ್ನ ದಾರಿಯ ಗೆರೆ ದಾಟಿ ಹೊರಹೋಗಿದ್ದಕ್ಕೆ ಆ ಗೆಲುವು ಕೈತಪ್ಪಿ ಅನ್ನಾಗೆ ಸಿಕ್ಕಿತು. ಎರಡನೇ ಓಟವನ್ನು ನೀನು ಹತ್ತು ಸಲ ನೋಡಬೇಕು. ಸುತ್ತಲೂ ಎದುರಾಳಿಯ ಊರಿನ ಜನ, ಕಿವಿ ಕಿವುಡಾಗುವಷ್ಟು ಕೂಗು. ಅನ್ನಾ ನಿಧಾನ ಮಾಡುತ್ತಾ ಮಾಡುತ್ತಾ ಸೈಕಲನ್ನು ನಿಲ್ಲಿಸಿಯೇಬಿಟ್ಟಳು! ಬ್ರೇಕಿಲ್ಲದ ಸೈಕಲ್ ಅದು, ಎಷ್ಟು ಕಷ್ಟ ಅಂತ ನಿನಗೇ ಗೊತ್ತು. ಪೆಂಡಲ್ಟನ್ ಬೇರೆ ದಾರಿಯಿಲ್ಲದೆ ಮುಂದೆ ಹೋಗಬೇಕಾಯಿತು. ಹಿಂದಿರುವವಳಿಗೆ ಎದುರಾಳಿ ಕಣ್ಣೆದುರೇ ಇರುತ್ತಾಳೆ, ಗಾಳಿಯ ಹೊಡೆತವೂ ಕಡಿಮೆ. ಕೊನೆಗೆ ಅನ್ನಾ ಹಿಂದಿನಿಂದ ನುಗ್ಗಿ ಚಿನ್ನ ಗೆದ್ದಳು.

ನಿನ್ನ ವೇಗ ಎಲ್ಲೂ ಹೋಗುವುದಿಲ್ಲ. ಆಕೆಯದೂ ಹೋಗಲಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 500 ಮೀಟರ್ ಉಳಿದಿತ್ತು, ಅದನ್ನೂ ಗೆಲ್ಲುತ್ತಲೇ ಇದ್ದಳು. ಒಟ್ಟು 11 ವಿಶ್ವ ಪಟ್ಟ. ಆದರೆ ನಿನಗಿನ್ನೂ ಕಾಯುವುದು ಬಂದಿಲ್ಲ, ಭಾಗ್ಯಾ. ಗನ್ ಹೊಡೆದ ತಕ್ಷಣ ತಲೆ ತಗ್ಗಿಸಿ ತುಳಿಯುತ್ತೀಯ. ಕೋಚ್ ಅದನ್ನು ಕಂಡೇ ಈ ನಿರ್ಧಾರ ಮಾಡಿರಬೇಕು. ಅವರ ಮೇಲೆ ಮುನಿಸಿಕೊಳ್ಳಬೇಡ.

ಇವತ್ತು ಹೊಟ್ಟೆ ತುಂಬಾ ಊಟ ಮಾಡು. ನಾಳೆಯಿಂದ ಟ್ರ್ಯಾಕ್ ಸ್ಟ್ಯಾಂಡ್, ಅಂದರೆ ಕಾಲು ಕೆಳಗಿಡದೆ ಸೈಕಲ್ ಮೇಲೆ ನಿಲ್ಲುವುದನ್ನು, ಶುರು ಮಾಡು. ಎಷ್ಟು ಸೆಕೆಂಡ್ ನಿಂತೆ ಅಂತ ನನಗೆ ಬರಿ.

ಇಂತಿ ನಿನ್ನ ಪ್ರೀತಿಯ,
ಕಾಕಾ